ಚಂದ್ರವ್ವ ಅಕ್ಕೋರ ನಾಯಿ

ಚಂದ್ರವ್ವ ಅಕ್ಕೋರು ಓಣಿಯಲ್ಲಿ ಯಾವ ಗಂಡಸಿಗೂ ದಾರಿ ಬಿಟ್ಟವರಲ್ಲ. ಆಗಿನ ಗೋಕಾಕದಲ್ಲಿ ಎದುರಿಗೆ ಹಿರಿಯರು ಬಂದರೆ ಹೆಂಗಸರು ಸೆರಗೆಳೆದುಕೊಂಡು ಗೋಡೆಗೆ ಒತ್ತಿ ನಿಲ್ಲಬೇಕಿತ್ತು. ಇವರು ಕೊಡೆ ಊರುತ್ತ ನಟ್ಟನಡುವೆ ನಡೆಯುವರು. ಕೇಳಿದರೆ, “ಎಮ್ಮಿ ಬಂದ್ರ ಸರೀತೇನಿ. ಅದಕ್ಕ ಹೇಳಿದ್ರ ತಿಳಿಯಂಗಿಲ್ಲ,” ಎನ್ನುವರು.

ಹುಕ್ಕೇರಿಯ ಕಡೆಯವರು. ಗಂಡ ತೀರಿಕೊಂಡ ಮೇಲೆ ಕಲಿತು, ನಮ್ಮೂರ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಬಂದಿದ್ದರು. ಒಂಟಿ ಹೆಂಗಸಿಗೆ ಯಾರೂ ಮನೆ ಕೊಡಲೊಲ್ಲರು. ನಮ್ಮಪ್ಪ ಹಿತ್ತಲ ಕಡೆಯ ಎರಡು ಖೋಲಿ ಬಾಡಿಗೆಗೆ ಕೊಟ್ಟ; ಕೊಟ್ಟೆನೆಂದು ತಾನೇ ಊರ ತುಂಬ ಡಂಗುರ ಹೊಡೆದ. ಕರಾರು ಒಂದೇ: ಪೂಜೆ ನಡೆಯುವ ಮನೆ, ನಾಯಿ ಕೂಡದು.

ಮಳೆಗಾಲದಲ್ಲಿ ಹೊಳೆದಂಡೆಯ ಕರಿ ನಾಯಿಯೊಂದು ಅಕ್ಕೋರ ಬೆನ್ನು ಹತ್ತಿ ಬಂದು ಅವರ ಹೊಸ್ತಿಲಲ್ಲಿ ಮಲಗಿತು; ಕರಿಯ ಎಂದು ಹೆಸರೂ ಬಿತ್ತು. ಅಲ್ಲಿಂದ ಮುಂದೆ, ಸಂಜೆ ಹಿತ್ತಲ ಗೋಡೆಯಾಚೆ ನಿಂತು ಸಿಳ್ಳು ಹಾಕುತ್ತಿದ್ದವರು ಬರುವುದನ್ನು ಬಿಟ್ಟರು. ನಮ್ಮವ್ವನಿಗೆ ಇದು ಗೊತ್ತಿತ್ತು. ಅಪ್ಪನಿಗೆ ಕರಾರೊಂದೇ ಗೊತ್ತಿತ್ತು.

“ಅಕ್ಕೋರ, ನಾಯಿ ಬಿಡ್ರಿ, ಇಲ್ಲಾ ಮನಿ ಬಿಡ್ರಿ,” ಎಂದ.

“ಎರಡೂ ಬಿಡಂಗಿಲ್ರಿ ಕಾಕಾ.”

ಅಪ್ಪ ಆಳಿನ ಕೈಯಲ್ಲಿ ನಾಯಿಯನ್ನು ಗಾಡಿಯೊಳಗೆ ಹಾಕಿಸಿ ಕೊಣ್ಣೂರಿನಲ್ಲಿ ಬಿಡಿಸಿದ. ಮರುದಿನವೇ ಅಕ್ಕೋರು ನಡೆದು ಹೋಗಿ, ಹಾಡಹಗಲೇ ಪೇಟೆಯ ನಡುವೆ ಹಾದು, ಕರಿಯನ ಜೊತೆ ಮರಳಿದರು. ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ, “ಹವಾ ಬದಲಾತ್ರಿ ಅದಕ್ಕ, ಚೊಲೋ ಆತು,” ಎಂದರು. ಅಪ್ಪನ ಮೈಯೆಲ್ಲ ಉರಿಯಿತು. ಬರುವ ರವಿವಾರದೊಳಗೆ ನಾಯಿ ಹೋಗದಿದ್ದರೆ ಅಕ್ಕೋರ ಸಾಮಾನು ಬೀದಿಗೆ ಎಂದು ಗಡುವು ಕೊಟ್ಟ.

ಆ ರವಿವಾರವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ನಮ್ಮ ಮನೆದೇವರು ಮೈಲಾರಲಿಂಗ. ವರ್ಷಕ್ಕೊಮ್ಮೆ ಕಂಬಳಿ ಹೊದ್ದ ಗೊರವಯ್ಯಗಳನ್ನು ಕರೆದು ದೋಣಿ ತುಂಬಿಸುವುದು ಪದ್ಧತಿ; ಅದು ಆ ದಿನವೇ ಇತ್ತು. ಮೈಲಾರನ ಆ ಭಕ್ತರು ಅಂದು ದೇವರ ನಾಯಿಗಳು. ಕಟ್ಟಿಗೆಯ ದೋಣಿಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು, ಹೋಳಿಗೆ ಕಲಸಿಟ್ಟರೆ ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ, ಬಾಯಿ ಹಾಕಿ ತಿನ್ನುವರು. ಅವರಿಗಾಗಿ ಅಂಗಳ ಚೊಕ್ಕವಿರಲಿ ಎಂದು ನಮ್ಮಪ್ಪ ನಾಯಿಯನ್ನು ಹೊರಹಾಕಲು ಹೊರಟಿದ್ದ! ಇಂಥ ಬುದ್ಧಿ ನಮ್ಮ ಮನೆತನಕ್ಕೇ ಮೀಸಲು.

ರವಿವಾರ ಗೊರವಯ್ಯಗಳು ಅಂಗಳದಲ್ಲಿ ಬೊಗಳಿದರು. ಹಿತ್ತಲಿನಿಂದ ಕರಿಯ ಅವರಿಗಿಂತ ಜೋರಾಗಿ ಉತ್ತರ ಕೊಟ್ಟು, ಅಲ್ಲಿಗೇ ಓಡಿಬಂತು. ಅಪ್ಪ ಬಡಿಗೆ ಎತ್ತಿದ. ಅಕ್ಕೋರು ಅಡ್ಡ ನಿಂತರು.

“ಕಾಕಾ, ಬೊಗಳೋ ಮನಷ್ಯಾರಿಗೆ ಹೋಳಿಗಿ, ಬೊಗಳೋ ನಾಯಿಗೆ ಬಡಿಗಿ ಏನ್ರಿ?”

ಹಿರಿಯ ಗೊರವಯ್ಯ ಹಾಲು ಹತ್ತಿದ ಗಡ್ಡದಲ್ಲೇ ನಕ್ಕು, ಚೀಲದಿಂದ ಭಂಡಾರ ತೆಗೆದು, ದೇವರ ಆ ಅರಿಸಿನವನ್ನು ಕರಿಯನ ಹಣೆಗೆ ಹಚ್ಚಿದ. ಅಪ್ಪನಿಗೆ ಹೋದ ಜೀವ ಬಂತು.

“ದೇವರ ನಾಯಿ ಅಂದಮ್ಯಾಲ ಇರಲಿ ಬಿಡ್ರಿ,” ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಅಕ್ಕೋರು ಬಗ್ಗಿ ನಾಯಿಯ ಹಣೆಯ ಭಂಡಾರ ಒರೆಸಿ, ಬೆರಳಿಗೆ ಹತ್ತಿದ್ದನ್ನು ತಮ್ಮ ಹಣೆಗೆ ಹಚ್ಚಿಕೊಂಡರು. ಗಂಡ ಸತ್ತವಳ ಹಣೆಯ ಮೇಲೆ ಅರಿಸಿನ! ನಮ್ಮವ್ವ ಬಾಯಿಗೆ ಸೆರಗು ಹಿಡಿದಳು.

“ದೇವರದಲ್ರಿ ಕಾಕಾ, ಇದು ನನ್ನ ನಾಯಿ. ನನ್ನದಂತ ಇರಲಿ ಅನ್ರಿ. ಇಲ್ಲಾಂದ್ರ ನಾನೂ ಈಗ ಹೊಂಟೆ.”

ಅಪ್ಪ ಅವರ ಹಣೆಯನ್ನು ನೋಡಿದ, ಕೈಯಲ್ಲಿದ್ದ ಬಡಿಗೆಯನ್ನು ನೋಡಿದ. ಕೊನೆಗೆ ಬಡಿಗೆಯನ್ನು ಗೋಡೆಗೆ ಆನಿಸಿ, “ಅಕ್ಕೋರ ನಾಯಿಗೂ ಒಂದು ಹೋಳಿಗಿ ತಾ,” ಎಂದು ಅವ್ವನ ಮೇಲೆ ರೇಗಿದ. ಸಿಟ್ಟು ಯಾರ ಮೇಲಾದರೂ ತೀರಬೇಕಲ್ಲ! ನನಗಂತೂ ಅಂದು ಕುಣಿಯುವಷ್ಟು ಖುಷಿಯಾಗಿತ್ತು.

ಕೆಲವು ವರ್ಷಗಳ ಮೇಲೆ ಅಕ್ಕೋರಿಗೆ ಮೂಡಲಗಿಗೆ ವರ್ಗವಾಯಿತು. ಮುದಿಯಾದ ಕರಿಯನನ್ನು ಗಾಡಿಗೆ ಎತ್ತಿ ಹಾಕಿದವನು ಅಪ್ಪನೇ. ಗಾಡಿ ಓಣಿಯ ನಟ್ಟನಡುವೆಯೇ ಹೋಯಿತು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಖೋಲಿ ಕೇಳಿಕೊಂಡು ಯಾರೋ ಸಂಸಾರಸ್ಥರು ಬಂದರು. ಅಪ್ಪ ಕೀಲಿಕೈ ಹಿಡಿದೇ ಕೇಳಿದ: “ನಾಯಿ ಐತೇನ್ರಿ?”

“ಛೇ ಛೇ, ಇಲ್ರಿ ಯಜಮಾನ್ರ.”

ಅಪ್ಪ ಕೀಲಿಕೈಯನ್ನು ಮತ್ತೆ ಕಿಸೆಗೆ ಹಾಕಿಕೊಂಡ.

“ಹಂಗಾದ್ರ ಬ್ಯಾರೆ ಕಡೆ ನೋಡ್ರಿ. ಅವು ಅಕ್ಕೋರ ಖೋಲಿ.”