ಸವತಿ ಮನೆಯಿಂದ ದಿನಾ ದಾಖಲೆ ತರುವ ಟೇಪಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜನನ-ಮರಣ ನೋಂದಣಿ ಕಚೇರಿಯ ನೆಲಮಾಳಿಗೆಯ ಬಾಗಿಲಲ್ಲಿ ಟೇಪಕ್ಕ ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಾರೆ. ಬೀರುವಿನಷ್ಟು ಎತ್ತರದ ಹಳೇ ಯಂತ್ರವೊಂದು ಮೂಲೆಯಲ್ಲಿ ಗುಂಯ್‌ಗುಡುತ್ತಿದೆ. ಅಂಗೈಯಗಲದ ಟೇಪಿನ ಡಬ್ಬಿಯನ್ನು ಅದರ ಬಾಯಿಗಿಟ್ಟು, ಎಡಗಡೆ ಹೆಬ್ಬೆರಳಿನಿಂದ ಒತ್ತಿ, ಉಸಿರು ಬಿಗಿಹಿಡಿದು ಕಾಯುತ್ತಾರೆ. ಯಂತ್ರ ಡಬ್ಬಿಯನ್ನು ಹೊರಕ್ಕೆ ಉಗುಳುತ್ತದೆ. "ಮೊಂಡ ಮುಂಡೇದೇ, ನಿನ್ನೆ ಚೆನ್ನಾಗೇ ಇದ್ಯಲ್ಲ!" ಎಂದು ಬೆನ್ನಿಗೊಂದು ಏಟು ಬೀಳುತ್ತದೆ. ಎರಡನೇ ಸಲಕ್ಕೆ ಅದು ತೆಪ್ಪಗೆ ನುಂಗಿಕೊಳ್ಳುತ್ತದೆ.

ಕೆಲಸ ಇಷ್ಟೇ. ನಿನ್ನೆ ಹುಟ್ಟಿದವರು, ಸತ್ತವರು, ಎಲ್ಲರ ದಾಖಲೆಯೂ ಈಗ ಇರುವುದು ಕ್ಲೌಡಿನಲ್ಲಿ. ಕ್ಲೌಡ್ ಎಂದರೆ ಮೋಡವೇನಲ್ಲ, ಯಾವುದೋ ದೇಶದ ಯಾವುದೋ ಕಂಪನಿ ಬಾಡಿಗೆಗೆ ಕೊಟ್ಟ ಕಂಪ್ಯೂಟರುಗಳು. ಸರ್ಕಾರ ಅವನ್ನು ಕಣ್ಣಾರೆ ಕಂಡಿಲ್ಲ. ಕೌಂಟರುಗಳು ತೆರೆಯುವ ಮೊದಲೇ ಟೇಪಕ್ಕ ಆ ದಾಖಲೆಗಳ ಪ್ರತಿಯನ್ನು ಇಲ್ಲಿಗೆ ಇಳಿಸಿ, ಟೇಪಿಗೆ ಹತ್ತಿಸಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. "ಸವತಿ ಮನೇಲಿ ಮಲಗಿರೋ ನನ್ನ ಮಕ್ಕಳನ್ನ ಬೆಳಗಾಗೋದ್ರೊಳಗೆ ಕರ್ಕೊಂಡು ಬರ್ತೀನಿ. ಅಷ್ಟೇ ನೋಡಿ ನನ್ನ ಕೆಲಸ," ಎನ್ನುತ್ತಾರೆ. ಕ್ಲೌಡಿಗೆ ಅವರಿಟ್ಟ ಹೆಸರೇ ಸವತಿ.

ಮೊದಲೆಲ್ಲ ಹೀಗಿರಲಿಲ್ಲ. ಇಡೀ ದಾಖಲೆ ಈ ಕೋಣೆಯಲ್ಲೇ ಇತ್ತು. ಮಂತ್ರಿಗಳು ಬಂದರೂ ಬಾಗಿಲಲ್ಲಿ ಬೂಟು ಬಿಚ್ಚಿಯೇ ಒಳಗೆ ಬರಬೇಕಿತ್ತು, ಯಂತ್ರಕ್ಕೆ ಧೂಳು ಆಗದು. ಆಮೇಲೆ ಒಂದು ದಿನ ಎಲ್ಲವನ್ನೂ ಕಂಪನಿಗೆ ಒಪ್ಪಿಸಿದರು. ಟೇಪಕ್ಕನಿಗೆ ಉಳಿದದ್ದು ಪ್ರತಿ ತೆಗೆಯುವ ಕೆಲಸ, ಅದೂ ತಾತ್ಕಾಲಿಕ. "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾಯ್ತು. ನನ್ನ ಮಿಷನ್ನು ಒಂದಿನ ಕೆಮ್ಮಿದ್ರೆ ಸಾಕು, ಮೇಲಿನೋರೆಲ್ಲ ಓಡಿಬಂದು ಬಯ್ಯೋರು. ಆ ಸವತಿ ಕೆಟ್ಟರೆ ಮಾತ್ರ 'ಮೇಂಟೆನೆನ್ಸು' ಅಂತ ಮೃದುವಾಗಿ ಹೇಳ್ತಾರೆ."

ಹೊಟ್ಟೆಕಿಚ್ಚೇ? ಹೌದು, ಅದನ್ನು ಅವರು ಮುಚ್ಚಿಡುವುದೇ ಇಲ್ಲ. ಆದರೆ ಬರೀ ಯಂತ್ರದ ಮೇಲಾಗಿದ್ದರೆ ಹೇಗೋ ತಡೆಯಬಹುದಿತ್ತು. ಮೇಲಿನ ಗಾಜಿನ ಕೋಣೆಯಲ್ಲಿ ಆ ಕ್ಲೌಡನ್ನು ನೋಡಿಕೊಳ್ಳುವವಳು ಬೇರೆ ಯಾರೂ ಅಲ್ಲ, ಟೇಪಕ್ಕನ ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಅಡುಗೆಮನೆ. ಕಂಪನಿ ಅವಳಿಗೆ ತರಬೇತಿ ಕೊಟ್ಟಿದೆ, ತಿರುಗುವ ಕುರ್ಚಿ ಕೊಟ್ಟಿದೆ, ಗೋಡೆಗೆ ಹಾಕುವಂಥ ಪ್ರಮಾಣಪತ್ರ ಕೊಟ್ಟಿದೆ. ಅದು ನೇತಾಡುತ್ತಿರುವುದು ಮನೆಯ ನಡುಮನೆಯಲ್ಲಿ, ಟೇಪಕ್ಕ ಕಾಫಿ ಕುಡಿಯುವ ಜಾಗಕ್ಕೆ ನೇರ ಎದುರಿಗೆ.

"ನಮ್ಮತ್ತೆ ಬಂದೋರಿಗೆಲ್ಲ ಹೇಳ್ತಾರೆ, ಚಿಕ್ಕ ಸೊಸೆ ಆಕಾಶದಲ್ಲಿ ಕೆಲಸ ಮಾಡ್ತಾಳೆ ಅಂತ. ದೊಡ್ಡೋಳು ಅಂತ ಕೇಳಿದ್ರೆ, ಅವಳು ಕೆಳಗಡೆ ಎಲ್ಲೋ ಇರ್ತಾಳಪ್ಪ ಅಂತಾರೆ. ಹೊಟ್ಟೆ ಉರಿಯಲ್ವಾ ಹೇಳಿ? ಕಲ್ಲಿಗಾದ್ರೂ ಉರಿಯುತ್ತೆ."

ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಈಚೆಗೆ ಒಂದು ಆದೇಶ ಬಂತು. ಎಲ್ಲವೂ ಕ್ಲೌಡಿನಲ್ಲಿ ಭದ್ರವಾಗಿದೆ, ಪ್ರತಿ ಬೇಡ, ನೆಲಮಾಳಿಗೆ ಖಾಲಿ ಮಾಡಿ, ಯಂತ್ರವನ್ನು ಗುಜರಿಗೆ ಹಾಕಿ. ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಇಡುತ್ತಾರಂತೆ. ಆ ವಾರವೆಲ್ಲ ಟೇಪಕ್ಕ ಪ್ರಮಾಣಪತ್ರಕ್ಕೆ ಬೆನ್ನು ಹಾಕಿ ಕೂತು ಕಾಫಿ ಕುಡಿದರು. ಆದರೆ ಬೆಳಗಿನ ಪ್ರತಿಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಗುಜರಿಯವನು ಬರುವ ಮೊದಲೇ ನಮ್ಮ ಸರ್ಕಾರವೂ ಕಂಪನಿಯ ದೇಶದ ಸರ್ಕಾರವೂ ಜಗಳವಾಡಿಕೊಂಡವು. ಆಮದು ಸುಂಕದ ಜಗಳ, ಹುಟ್ಟು ಸಾವಿಗೂ ಅದಕ್ಕೂ ಸಂಬಂಧವೇ ಇಲ್ಲ. ಕಂಪನಿ ತನ್ನ ದೇಶದ ಮಾತು ಕೇಳಿತು. ಒಂದು ಬೆಳಿಗ್ಗೆ ಕೌಂಟರ್ ತೆರೆದು ಸ್ವಲ್ಪ ಹೊತ್ತಿಗೆ ಗಾಜಿನ ಕೋಣೆಯ ಪರದೆಗಳ ಮೇಲೆಲ್ಲ ಒಂದೇ ಸಾಲು: ನಿಮ್ಮ ಪ್ರವೇಶವನ್ನು ತಡೆಹಿಡಿಯಲಾಗಿದೆ. ಫೋನು ಮಾಡಿದರೆ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಯಂತ್ರವೇ ಉತ್ತರಿಸುತ್ತಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!

ಓರಗಿತ್ತಿ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಳು. ಟೇಪಕ್ಕ ತಿರುಗಲಿಲ್ಲ.

"ಚಪ್ಪಲಿ," ಎಂದರು.

ಬಿಟ್ಟಳು. ಆದರೂ ಟೇಪಕ್ಕ ಒಳಗೆ ಬಾ ಎನ್ನಲಿಲ್ಲ.

"ಅಕ್ಕ, ಮೇಲೆ ಏನೂ ಬರ್ತಿಲ್ಲ. ಒಂದು ಹೆಸರೂ ಕಾಣಿಸ್ತಿಲ್ಲ."

"ನಾನು ಅಂಥಾ ಹೊತ್ತಲ್ಲಿ ಅಯ್ಯೋ ಅನ್ಬೇಕಿತ್ತು," ಎಂದು ಟೇಪಕ್ಕ ನೆನೆಸಿಕೊಳ್ಳುತ್ತಾರೆ. "ಅನ್ನಲಿಲ್ಲ. ಹಾಲು ಕುಡಿದಷ್ಟು ಸಂತೋಷ ಆಯ್ತು. ಸುಳ್ಳು ಯಾಕೆ ಹೇಳ್ಲಿ? ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಅಂತ ಬೀಗದ ಕೈ ಹುಡುಕೋ ಹಂಗೆ ಮಾಡ್ದೆ. ಅದು ನನ್ನ ಸೊಂಟದಲ್ಲೇ ಇತ್ತು."

ಆಗ ಓರಗಿತ್ತಿ ಕೌಂಟರಿನ ಮುಂದೆ ನಿಂತಿರುವ ಒಬ್ಬ ತಾಯಿಯ ವಿಷಯ ಹೇಳಿದಳು. ಮಗುವಿಗೆ ಅವತ್ತೇ ಆಪರೇಷನ್ನು, ಜನನ ಪತ್ರವಿಲ್ಲದೆ ಆಸ್ಪತ್ರೆಯವರು ಸೇರಿಸಿಕೊಳ್ಳುತ್ತಿಲ್ಲ, ಮಗು ಭುಜದ ಮೇಲೇ ನಿದ್ದೆ ಹೋಗಿದೆ. ಟೇಪಕ್ಕನ ಕೈಗೆ ಬೀಗದ ಕೈ ತಕ್ಷಣ ಸಿಕ್ಕಿತು.

ಆದರೆ ಟೇಪಿನಲ್ಲಿದ್ದ ಮಾತ್ರಕ್ಕೆ ಕೌಂಟರಿಗೆ ಕಾಣುವುದಿಲ್ಲವಲ್ಲ. ಹಳೇ ಯಂತ್ರಕ್ಕೂ ಕೌಂಟರಿನ ಹೊಸ ಕಂಪ್ಯೂಟರುಗಳಿಗೂ ನಂಟೇ ಇರಲಿಲ್ಲ. ಆ ನಂಟು ಬೆಸೆದವಳು ಓರಗಿತ್ತಿ. ಬರಿಗಾಲಲ್ಲಿ, ನೆಲದ ಮೇಲೆ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ಟೇಪಕ್ಕ ಒಂದೊಂದೇ ಟೇಪು ಉಣಿಸಿದರು, ಅವಳು ದಾಖಲೆಗಳನ್ನು ಒಂದೊಂದೇ ಕೌಂಟರಿಗೆ ಹರಿಸಿದಳು. "ಅವಳ ಬೆರಳು ಓಡೋದು ನೋಡಿ ಮತ್ತೆ ಹೊಟ್ಟೆ ಉರೀತು. ಕಳ್ಳಿ, ಎಷ್ಟು ಚೆನ್ನಾಗಿ ಬರುತ್ತೆ ಅವಳಿಗೆ!" ಮಧ್ಯಾಹ್ನದೊಳಗೆ ಜನನ ಪತ್ರ ತಾಯಿಯ ಕೈಗೆ ಬಂತು. ಮಗು ಈಗ ಚೆನ್ನಾಗಿದೆ.

ಜಗಳ ತಣ್ಣಗಾಗಿ ಕ್ಲೌಡ್ ಮರಳುವವರೆಗೂ ಇಡೀ ಕಚೇರಿ ನೆಲಮಾಳಿಗೆಯಿಂದಲೇ ನಡೆಯಿತು. ಪತ್ರಿಕೆಯಲ್ಲಿ ಚಿತ್ರವೂ ಬಂತು. ಯಂತ್ರದ ಪಕ್ಕ ಹಿರಿಯ ಅಧಿಕಾರಿ, ಓರಗಿತ್ತಿ, ಅಂಚಿನಲ್ಲೊಂದು ಮೊಣಕೈ. "ಆ ಮೊಣಕೈ ನಂದು," ಎನ್ನುತ್ತಾರೆ ಟೇಪಕ್ಕ. ಅತ್ತೆ ಆ ಚಿತ್ರವನ್ನು ಕತ್ತರಿಸಿ ಪ್ರಮಾಣಪತ್ರದ ಪಕ್ಕದಲ್ಲೇ ಅಂಟಿಸಿದ್ದಾರೆ. ಕತ್ತರಿಸುವಾಗ ಮೊಣಕೈಯೂ ಹೋಯಿತು.

ಕೋಣೆ ಮಾತ್ರ ಉಳಿಯಿತು. ಯಂತ್ರವೂ ಉಳಿಯಿತು. ಪ್ರತಿ ತೆಗೆಯುವುದು ಈಗ ತಾತ್ಕಾಲಿಕವಲ್ಲ, ಕಾಯಂ. ಆದರೆ ಟೇಪಕ್ಕ ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಕೆಲಸ ಕಲಿಯಲು ಯಾರನ್ನು ಕಳಿಸಿದ್ದಾರೆ, ಹೇಳಬೇಕೇ?

ಬಾಗಿಲಾಚೆ ಈಗ ಎರಡು ಜೊತೆ ಚಪ್ಪಲಿಗಳಿವೆ. ಬೆಳಗಿನ ಟೇಪನ್ನು ನಾಳೆ ಮೊದಲ ಸಲ ಓರಗಿತ್ತಿಯೇ ಹಾಕುತ್ತಾಳೆ. ಎಡಗಡೆ ಹೆಬ್ಬೆರಳು, ಉಸಿರು ಬಿಗಿಹಿಡಿಯುವುದು, ಬೆನ್ನಿನ ಏಟು, ಎಲ್ಲವನ್ನೂ ಹೇಳಿಕೊಟ್ಟಾಗಿದೆ.

ನಿಮಗೇನಾದರೂ ಆಸೆ ಉಳಿದಿದೆಯೇ ಎಂದರೆ ಟೇಪಕ್ಕ ಅವಳಿಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ, ಯಂತ್ರದ ಬೆನ್ನ ಮೇಲೆ ಕೈಯಿಡುತ್ತಾರೆ.

"ಇದು ಅವಳ ಕೈಗೆ ಬಗ್ಗಬೇಕು. ಬಗ್ಗಲೇಬೇಕು, ಇಲ್ದಿದ್ರೆ ಆ ಮಕ್ಕಳ ಗತಿ ಏನು? ಆದ್ರೆ ಮೊದಲನೇ ದಿನಾನೇ ಬೇಡಪ್ಪ. ನಾಳೆ ಒಂದೆರಡು ಸಲ ಉಗುಳ್ಲಿ. ಅವಳು ನನ್ನ ಕಡೆ ತಿರುಗಿ ನೋಡ್ಲಿ. ಆಮೇಲೆ ನುಂಗ್ಲಿ."