ಅಂಟಿನ ಊರಿನಿಂದ ಗಂಟು

ಮಮದಾಪುರದಿಂದ ಬೆಳಗಿನ ಬಸ್ಸಿಗೆ ಹೊರಟಾಗ ನನ್ನ ಬುಟ್ಟಿಯಲ್ಲಿ ನಮ್ಮ ಮನೆಯ ತಾಯಿಗಿಡದಿಂದ ಮಾಡಿದ ದುಂಡು ಮಲ್ಲಿಗೆಯ ಸಸಿಗಳಿದ್ದವು. ದಡ್ಡಿಯಲ್ಲಿರುವ ತಂಗಿ ಶಾಂತವ್ವ ಬದನೆ ಹೊಲದ ಮಗ್ಗುಲಲ್ಲಿ ಹೂವಿನ ತೋಟ ಮಾಡುವವಳಿದ್ದಳು. ಸಸಿ ತವರಿನದೇ ಬೇಕು, ಮಣ್ಣಿನ ಸಮೇತ ಬೇಕು ಎಂದು ಹಟ ಹಿಡಿದಿದ್ದಳು. ಹೆಣ್ಣುಮಕ್ಕಳ ಮನೆಗೆ ಹೋಗುವ ಗಿಡದ ಬೇರು ತೊಳೆಯಬಾರದು ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು.

ಕಂಡಕ್ಟರ್ ಬುಟ್ಟಿ ನೋಡಿ, “ಇವಕ್ಕೂ ಅರ್ಧ ಟಿಕೀಟು ತಗೀರಿ, ಯಜಮಾನ್ರ. ಮಕ್ಕಳಾಗಿದ್ರ ತೊಡಿ ಮ್ಯಾಲ ಕೂಡತಿದ್ವು,” ಎಂದ. ತೆಗೆಸಿದೆ.

ಮೊದಲು ಮೂಡಲಗಿಗೆ ಹೋಗಿ ಗೆಳೆಯ ಹುಸೇನನಿಗೆ ಒಂದು ಸಸಿ ಕೊಟ್ಟು ಚಹಾ ಕುಡಿದೆ. ಗೋಕಾಕದ ಮೇಲೆ ಹಾದು ಹುಕ್ಕೇರಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿ ಬಸ್ಸು ಬದಲಿಸುವಾಗ ಒಂದು ಸಸಿಯ ಚೀಲ ಹರಿಯಿತು. ಬೇರಿನ ತುಂಬ ಮಣಿಯಂಥ ಗಂಟುಗಳು. ನನಗೆ ಹಿಗ್ಗು. ಶೇಂಗಾ ಬೇರಿನಲ್ಲಿ ಗಂಟು ಕಂಡರೆ ಬೆಳೆ ಬಂತೆಂದು ನಗುವವರು ನಾವು. ಹೊಸ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳಿಗೂ ತೋರಿಸಿದೆ. ಆಕೆ ರಜಿಯಾ, ಹತ್ತರಗಿಯಲ್ಲಿ ಮೆಣಸಿನ ಸಸಿ ಬೆಳೆಸಿ ಮಾರುವಾಕೆ.

“ಉಗುರಿಲೆ ಕೆರದು ನೋಡ್ರಿ, ಕಾಕಾ. ಶೇಂಗಾದ್ದಾದ್ರ ಉದುರತೈತಿ.”

ಉದುರಲಿಲ್ಲ. ಗಂಟು ಮೇಲೆ ಅಂಟಿದ್ದಲ್ಲ, ಬೇರು ತಾನೇ ಉಬ್ಬಿತ್ತು.

“ಖರೆ ಹೇಳ್ತೀನ್ರಿ, ಇದು ಜಂತಿನ ಗಂಟು. ಕಣ್ಣಿಗೆ ಕಾಣದ ಹುಳ. ಮಣ್ಣಿನ ಕೂಡ ಹೊಲಾ ಹೊಕ್ರ ಬದನಿ, ಮೆಣಸು ಯಾವುದನ್ನೂ ಬಿಡಂಗಿಲ್ಲ. ನನ್ನ ಒಂದು ಸಸಿಮಡಿ ಹಿಂಗ ಹೋತು.”

ಮುಂದಿನ ದಾರಿಯುದ್ದಕ್ಕೂ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸು ಕುಣಿದಾಗಲೆಲ್ಲ ಮಣ್ಣು ಚೆಲ್ಲೀತೆಂದು ಬುಟ್ಟಿಯನ್ನು ತಬ್ಬಿಕೊಂಡೆ.

ದಡ್ಡಿಯಲ್ಲಿ ಶಾಂತವ್ವ ಅರಿಷಿಣ ಕುಂಕುಮ ಹಿಡಿದು ಬದುವಿನ ಮೇಲೆ ನಿಂತಿದ್ದಳು. ಹಿಂದೆ ಸಾಲಾಗಿ ತೋಡಿದ ಕುಣಿಗಳು. ನಾನು ರಸ್ತೆಯಿಂದ ಕೆಳಗಿಳಿಯದೆ ಸಂಗತಿ ಹೇಳಿದೆ. ಆಕೆ ಕುಣಿಗಳನ್ನೊಮ್ಮೆ, ಬದನೆಯನ್ನೊಮ್ಮೆ ನೋಡಿದಳು.

“ಗೋಕಾಕದವರು ಬಂದ್ರ ಅಂಟು ತರತಾರ. ನಮ್ಮಣ್ಣ ಗಂಟು ತಂದಾನ,” ಎಂದಳು. ಗೋಕಾಕದ ಹೆಸರಾಂತ ಕರದಂಟಿನ ಪೊಟ್ಟಣ ಕೊಳ್ಳುವುದನ್ನೂ ಮರೆತಿದ್ದೆ. ಬುಟ್ಟಿಯನ್ನು ಮನೆಗೆ ಒಯ್ದು ಹಾಗೆಯೇ ಒಲೆಗೆ ಹಾಕಿದಳು, ಮಣ್ಣು ಅಂಟಿದ್ದ ನನ್ನ ಚಪ್ಪಲಿ ಬಚ್ಚಲಲ್ಲಿ ತಾನೇ ತೊಳೆದಳು. ಊಟಕ್ಕೆ ಕೂತಾಗ ಹುಸೇನ ನೆನಪಾದ. ಫೋನು ಹಚ್ಚಿದೆ.

“ಆಗಲೇ ಹಚ್ಚೇನೋ ಮಾರಾಯಾ, ಬದನಿ ಬಾಜೂಕ. ನೀರೂ ಹಾಕೇನಿ.”

ಅರ್ಧ ರೊಟ್ಟಿಗೇ ಎದ್ದೆ. ಸಂಜೆ ಮೂಡಲಗಿ ಮುಟ್ಟಿದಾಗ ಅವನ ಸಸಿ ಚೀಲದಲ್ಲೇ, ಕಟ್ಟೆಯ ಮೇಲೆ, ನಾನಿಟ್ಟ ಜಾಗದಲ್ಲೇ ಬಾಡಿ ಕೂತಿತ್ತು.

“ನಿನಗ ಬ್ಯಾಸರ ಆದೀತಂತ ಸುಳ್ಳ ಹೇಳಿದ್ನಿ,” ಎಂದ ಹುಸೇನ.

“ನಿನ್ನ ಮೈಗಳ್ಳತನಾ ಹಿಂಗ ನೂರು ವರ್ಷ ಬಾಳಲಿ,” ಎಂದು ಸಸಿ ಎತ್ತಿಕೊಂಡೆ.

ಮರುದಿನ ಮಮದಾಪುರದಲ್ಲಿಳಿದು ನಮ್ಮ ಓಣಿಗೆ ತಿರುಗಿದೆ. ಘಮ ಮೊದಲು ಬಂತು. ನನ್ನ ತಾಯಿಗಿಡದ ಸಸಿಯನ್ನು ಕೇಳಿದವರಿಗೆಲ್ಲ ಮಣ್ಣಿನ ಸಮೇತ ಕೊಟ್ಟವನು ನಾನೇ. ಬಾಗಿಲು ಬಾಗಿಲಿಗೂ ಅದರ ಮಕ್ಕಳು ಹೂ ಬಿಟ್ಟು ನಿಂತಿದ್ದವು. ಮನೆಗೆ ಹೋಗಲಿಲ್ಲ. ಚಪ್ಪಲಿ ಕಳಚಿಟ್ಟು ಮೊದಲನೆಯ ಬಾಗಿಲು ಬಡಿದೆ.