ಘಾಟಿನ ಚಿತ್ರ ಕಳಿಸಿ ಹೆಂಡತಿಯನ್ನು ಕರೆಸಿಕೊಂಡದ್ದು

ಕೆಲಸ ಹುಡುಕಿ ಬಂದ ಮಹಾರಾಷ್ಟ್ರದ ಇಚಲಕರಂಜಿಯ ಬಾಡಿಗೆ ಕೋಣೆಯಲ್ಲಿ ಮೊದಲ ಬೆಳಗ್ಗೆ ಕೊಡದ ನೀರು ತಾನಾಗಿ ನಡುಗುವುದನ್ನು ಕಂಡು ಹೊರಗೆ ಓಡಿದೆ. ಭೂಕಂಪವಲ್ಲ, ಗೋಡೆಯಾಚೆ ವಿದ್ಯುತ್ ಮಗ್ಗಗಳು. ನಮ್ಮ ರಬಕವಿಯ ಕೈಮಗ್ಗ, ನೇಯುವವನು ನೀರು ಕುಡಿಯಲು ಎದ್ದರೆ ತಾನೂ ಸುಮ್ಮನಾಗುತ್ತಿತ್ತು. ಇಲ್ಲಿಯವಕ್ಕೆ ಆ ಮರ್ಯಾದೆಯೇ ಇಲ್ಲ. ಇದನ್ನು ತಮಾಷೆಗೆಂದು ಊರಲ್ಲಿದ್ದ ಹೆಂಡತಿ ಗೌರವ್ವನಿಗೆ ಬರೆದೆ. "ನೀರು ನಡಗೂ ಊರಿಗೆ ನಾ ಬರಂಗಿಲ್ರಿ" ಎಂದು ಉತ್ತರ ಬಂತು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ಅಲ್ಲಿ ಕೆಲಸವಿರಲಿಲ್ಲ, ಇಲ್ಲಿ ಹೆಂಡತಿಯಿರಲಿಲ್ಲ. ಒಬ್ಬನೇ ಬಡಿದುಕೊಂಡ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈ ಸೀಮೆ ಚೆಂದವಿದೆ ಎಂದು ಬರೆದರೆ ಅವಳು ನಂಬುವವಳಲ್ಲ, ಚಿತ್ರ ಬರೆದೇ ತೋರಿಸಬೇಕು. ರಜೆಯ ದಿನ ಬಸ್ಸು ಹಿಡಿದು ಕೊಲ್ಲಾಪುರಕ್ಕೆ ಹೋದೆ. ಪಂಚಗಂಗೆಯ ಘಾಟಿನಲ್ಲಿ, ಅಂದರೆ ನದಿಗಿಳಿಯುವ ಕಲ್ಲುಮೆಟ್ಟಿಲ ಮೇಲೆ ಕುಳಿತು, ಫೌಂಟನ್ ಪೆನ್ನಿನಿಂದ ಗುಡಿ, ಮೆಟ್ಟಿಲು ಗೀಚಿ ಮೇಲೆ ಬಣ್ಣದ ನೀರು ಎಳೆದೆ. ಶಾಯಿ ಕರಗಿ ಗುಡಿಯೆಲ್ಲ ನದಿಪಾಲಾಯಿತು.

ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದ ಮುದುಕರು ನಕ್ಕರು. ಸಿನಿಮಾ ಬೋರ್ಡು ಬರೆದೇ ಮುಪ್ಪಾದ ಅವರನ್ನು ಎಲ್ಲರೂ ಪೇಂಟರ್‌ಕಾಕಾ ಎನ್ನುತ್ತಿದ್ದರು. ನೀರಿಗೆ ಕರಗದ ಕಪ್ಪು ಶಾಯಿ ಕೊಟ್ಟರು. ಗೆರೆ ಒಣಗಿದ ಮೇಲೆಯೇ ತೆಳುಬಣ್ಣ ಎಂದು ಕಲಿಸಿದರು. ಆದರೂ ವಾರವಾರವೂ ನನ್ನ ಕೈ ಕಾಗದದ ಮೂಲೆಮೂಲೆ ತುಂಬಿಸಿಬಿಡುತ್ತಿತ್ತು. ಏನು ಮಾಡಲಿ, ನೇಕಾರರ ಮನೆಯಲ್ಲಿ ನೇಯ್ಗೆಯ ನಡುವೆ ಖಾಲಿ ಬಿಟ್ಟ ಜಾಗವೆಂದರೆ ತಪ್ಪು. ಅದಕ್ಕೆ ಅಪ್ಪನ ಕೈಯಿಂದ ಏಟು ತಿಂದು ಬೆಳೆದವನು ನಾನು.

"ಥೋಡೀ ಜಾಗಾ ಸೋಡ್ ಕೀ!" ಎಂದು ಒಮ್ಮೆ ಕಾಕಾ ನನ್ನ ಕುಂಚವನ್ನೇ ಹಿಡಿದರು. ಸ್ವಲ್ಪ ಜಾಗ ಬಿಡೋ ಎಂದರ್ಥ. ಬಿಸಿಲನ್ನು ಬಳಿಯಲಾಗದು, ಬಿಳಿ ಕಾಗದವೇ ಬಿಸಿಲು ಎಂದರು. ಎದೆ ಗಟ್ಟಿಮಾಡಿಕೊಂಡು ಅರ್ಧ ಮೆಟ್ಟಿಲು, ಅರ್ಧ ನೀರು ಹಾಗೇ ಬಿಟ್ಟೆ. ನದಿ ಹೊಳೆಯಿತು. ಮರುದಿನವೇ ಚಿತ್ರವನ್ನು ಅಂಚೆಗೆ ಹಾಕಿದೆ.

ಗೌರವ್ವ ಉತ್ತರ ಬರೆಯಲಿಲ್ಲ. ಹದಿನೈದು ದಿನಕ್ಕೆ ತನ್ನ ಅಪ್ಪನೊಡನೆ, ಟ್ರಂಕಿನ ಸಮೇತ ಬಂದಿಳಿದಳು.

"ಅರ್ಧಾ ಬಿಟ್ಟ ಕೆಲಸ ಕಳಿಸೀರಲ್ರಿ! ಉಳದದ್ದು ನೋಡಾಕ ಬಂದೀನಿ" ಎಂದಳು. ಅವಳೂ ನೇಕಾರರ ಮಗಳೇ.

ಅದಾಗಿ ಎರಡು ವರ್ಷ. ಮೊನ್ನೆ ಘಾಟಿನಲ್ಲಿ ನಾನು ಪೆನ್ನು ತೆಗೆದಾಗ ಪಕ್ಕದಲ್ಲಿ ಕುಳಿತು ಹೇಳಿದಳು: "ಛಲೋತ್ನ್ಯಾಗ ಬರೀರಿ. ನಮ್ಮೂರ ಕಡೆ ಹೊಳಿ ಭಾಳ ಚಂದ ಐತಿ ಅಂತ ರಬಕವಿಯಾಗ ಅವ್ವಗ ತೋರಸ್ಬೇಕು."

ಇಚಲಕರಂಜಿಯನ್ನು ನಮ್ಮೂರು ಅಂದಳಲ್ಲ ಎಂದು ಹಿಗ್ಗಿದೆ. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಗೀಚಿದ್ದು! ಮರುಗಳಿಗೆಗೆ, ಹಾಗಾದರೆ ರಬಕವಿ ಇನ್ನು ಬರೀ ಅವ್ವನ ಊರಾಯಿತೇ ಎನ್ನಿಸಿ ಕಣ್ಣು ತುಂಬಿತು. ಅವಳು ನೋಡಬಾರದೆಂದು ನದಿಯ ಕಡೆ ಮುಖ ಮಾಡಿ ಕುಳಿತೆ.